ನುಂಗಿದ ತಂಪು

ಜನವರಿ 12

ಅಮ್ಮಾ,

ನಿನ್ನೆ ಫೋನಿನಲ್ಲಿ ನಾನು ಮತ್ತೆ ‘ಹ್ಞೂಂ’ ಬಿಟ್ಟರೆ ಬೇರೇನೂ ಹೇಳಲಿಲ್ಲ. ‘ನಮ್ಮ ಮೌನಗೌರಿ ಇವತ್ತು ಎರಡು ಹ್ಞೂಂ ಜಾಸ್ತಿ ಕೊಟ್ಟಳು ಕಣೇ’ ಎಂದು ನೀನು ಚಿಕ್ಕಮ್ಮನಿಗೆ ಹೇಳಿದ್ದು ಕೇಳಿಸಿತು. ಫೋನು ಕಿವಿಗಿಟ್ಟ ಕೂಡಲೇ ನನ್ನ ಮಾತೆಲ್ಲ ಹೆದರಿ ಎಲ್ಲೋ ಅಡಗಿಕೊಳ್ಳುತ್ತದೆ. ಕಾಗದದ ಮುಂದೆ ಕೂತರೆ ಒಂದೊಂದಾಗಿ ಹೊರಗೆ ಬರುತ್ತದೆ. ಡಯಾಲಿಸಿಸ್ಸಿಗೆ ಮಲಗಿದಾಗ ಹೊತ್ತು ಹೋಗುವುದಿಲ್ಲ ಅನ್ನುತ್ತೀಯಲ್ಲ, ಓದಲು ನಿನಗೂ ಏನೋ ಒಂದು ಸಿಕ್ಕಂತಾಯಿತು.

ನನ್ನ ಮೇಜು ಪೇಸ್ಟ್ ತುಂಬುವ ಯಂತ್ರಗಳ ನೆತ್ತಿಯ ಮೇಲೇ ಇದೆ. ದಿನವಿಡೀ ನೆಲ ಸಣ್ಣಗೆ ನಡುಗುತ್ತದೆ. ಪುದೀನದ ವಾಸನೆ ಮೆಟ್ಟಿಲು ಹತ್ತಿ ಬಂದು ನನ್ನ ಬಟ್ಟೆಯಲ್ಲಿ ಕೂರುತ್ತದೆ. ಜನ ಕಂಪನಿಗೆ ಬರೆಯುವ ಪತ್ರಗಳಿಗೆಲ್ಲ ಉತ್ತರ ನಾನೇ ಬರೆಯಬೇಕು. ಟ್ಯೂಬಿನ ಬಾಲದಲ್ಲಿ ಉಳಿದ ಪೇಸ್ಟು ಎಷ್ಟು ಒತ್ತಿದರೂ ಬರುವುದಿಲ್ಲ, ಇದು ಹಗಲು ದರೋಡೆ ಎಂದು ಒಬ್ಬರು ನಾಲ್ಕು ಪುಟ ಬರೆದಿದ್ದಾರೆ. ಒಬ್ಬ ಅಜ್ಜ ಕೊನೆಯ ಹಲ್ಲೂ ಬಿತ್ತೆಂದು ತಿಳಿಸಿ, ‘ಇಲ್ಲಿಗೆ ನಮ್ಮ ನಿಮ್ಮ ಋಣ ತೀರಿತು’ ಎಂದು ವಂದನೆ ಕಳಿಸಿದ್ದಾರೆ. ಅವರಿಗೆ ಏನು ಉತ್ತರ ಬರೆಯುವುದೋ ತಿಳಿಯದೆ ಒಂದು ವಾರ ಇಟ್ಟುಕೊಂಡಿದ್ದೆ.

ಮೂತಿ ಸೊಟ್ಟಗಾದ ಟ್ಯೂಬುಗಳನ್ನು ತಿಂಗಳ ಕೊನೆಗೆ ನಮಗೆ ಹಂಚುತ್ತಾರೆ. ನನ್ನ ಪಾಲಿನದನ್ನೆಲ್ಲ ಎಂದಿನಂತೆ ನಿನಗೇ ಕಳಿಸಿದ್ದೇನೆ. ‘ಇಬ್ಬರೇ ಇರೋ ಮನೇಲಿ ಅಷ್ಟೊಂದು ಪೇಸ್ಟ್ ಏನ್ ಮಾಡ್ತಾರೆ, ಗೋಡೆಗೆ ಬಳೀತಾರಾ?’ ಎಂದು ನನ್ನ ಕೋಣೆಯವಳು ಕೇಳಿದಳು. ನಮ್ಮಮ್ಮ ಬೀದಿಗೆಲ್ಲ ಹಂಚುತ್ತಾಳೆ ಅಂದೆ. ಹೌದು ತಾನೇ?

ನೀರಿನ ವಿಷಯದಲ್ಲಿ ಹಟ ಮಾಡಬೇಡ. ಕಿಡ್ನಿ ಕೈಕೊಟ್ಟ ಮೇಲೆ ಕುಡಿದ ನೀರಿಗೆ ಹೊರಹೋಗುವ ದಾರಿಯಿಲ್ಲ, ಅದು ಎದೆಗೇ ಏರುತ್ತದೆ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ. ಚಿಕ್ಕಮ್ಮ ಅಳೆದು ಕೊಟ್ಟಷ್ಟೇ ಕುಡಿ.

ನಿನ್ನ ಮಗಳು


ಜನವರಿ 23

ಮಗಳೇ,

ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಪೆನ್ನು. ಅಕ್ಷರ ಸೊಟ್ಟಗಿದ್ದರೆ ಯಂತ್ರವನ್ನು ಬೈದುಕೋ.

ಪಕ್ಕದ ಮಂಚಕ್ಕೆ ನಿವೃತ್ತ ಬಸ್ ಕಂಡಕ್ಟರು ಬರುತ್ತಾರೆ ಅಂದಿದ್ದೆನಲ್ಲ, ಅವರಿಂದಾಗಿ ನಾಲ್ಕು ಗಂಟೆ ಹೇಗೋ ಕಳೆಯುತ್ತದೆ. ಯಂತ್ರ ಶುರುವಾದ ಕೂಡಲೇ ‘ರೈಟ್ ರೈಟ್’ ಅನ್ನುತ್ತಾರೆ. ಮಲಗುವ ಮುಂಚೆ ನಮ್ಮನ್ನೆಲ್ಲ ತೂಕಕ್ಕೆ ನಿಲ್ಲಿಸುತ್ತಾರಲ್ಲ, ತೂಕ ಹೆಚ್ಚಿದ್ದರೆ ನೀರು ಕದ್ದಿದ್ದೇವೆ ಎಂದರ್ಥ. ನಾನು ಹತ್ತಿ ನಿಂತರೆ, ‘ಯಾರಮ್ಮ ಅದು, ಟಿಕೆಟ್ ಇಲ್ಲದೆ ಎರಡು ಲೋಟ ನೀರು ಹತ್ತಿಸ್ಕೊಂಡು ಬಂದಿರೋದು?’ ಎಂದು ಕೂಗುತ್ತಾರೆ. ‘ನಿಮ್ಮ ಚೀಲ ತೋರ್ಸಿ ಮೊದಲು’ ಅನ್ನುತ್ತೇನೆ. ಸಿಸ್ಟರು ಇಬ್ಬರಿಗೂ ಬೈಯುತ್ತಾಳೆ.

ಅಂಗಡಿ ನಡೆಯುತ್ತಿದೆ. ಇಸ್ತ್ರಿ ನನ್ನದು, ಬಟ್ಟೆಗೆ ನೀರು ಚಿಮುಕಿಸುವ ಕೆಲಸ ಚಿಕ್ಕಮ್ಮನದು. ‘ಅಕ್ಕಾ, ನಿನ್ನ ಕೈಗೆ ಕೊಟ್ರೆ ಅಂಗಿಗೊಂದು ಹನಿ, ಬಾಯಿಗೆರಡು ಹನಿ’ ಅನ್ನುತ್ತಾಳೆ. ಒದ್ದೆ ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟಾಗ ಚುಂಯ್ ಅನ್ನುತ್ತದಲ್ಲ, ಆ ಸದ್ದಿಗೇ ಈಗ ನನ್ನ ಬಾಯಿ ಒಣಗುತ್ತದೆ. ಇರಲಿ, ಅದು ಇದ್ದದ್ದೇ.

ಒಂದು ವಿಷಯ ಕೇಳಬೇಕಿತ್ತು. ಎದುರುಮನೆಗೆ ಹೊಸಬರು ಬಂದಿದ್ದಾರೆ. ಅವರ ಮಗು ಪೇಸ್ಟು ತಿನ್ನುತ್ತದೆ. ಉಜ್ಜಿದ ಮೇಲೆ ಉಗುಳು ಅಂದರೆ ಉಗುಳುವುದಿಲ್ಲ, ಗುಳುಂ ಅನ್ನಿಸಿಬಿಡುತ್ತದೆ. ಹಾಗೆ ಒಳಗೆ ಹೋದದ್ದು ಎಲ್ಲಿಗೆ ಹೋಗುತ್ತದೆ? ಏನು ಮಾಡುತ್ತದೆ? ನಿನಗೆ ಗೊತ್ತಿರುತ್ತದಲ್ಲ.

ಸೊಟ್ಟ ಟ್ಯೂಬುಗಳು ಬಂದವು. ನೀಲಿ ಪಟ್ಟೆಯದು ಬಹಳ ತಂಪಾಗಿದೆ. ಅದೇ ಇನ್ನೂ ಇದ್ದರೆ ಕಳಿಸು.

ಅಮ್ಮ


ಫೆಬ್ರವರಿ 2

ಅಮ್ಮಾ,

ನಿನ್ನ ಪ್ರಶ್ನೆ ಓದಿ ಎಷ್ಟು ಖುಷಿಯಾಯಿತು ಗೊತ್ತಾ. ನಾನು ಅತಿ ಹೆಚ್ಚು ಉತ್ತರ ಬರೆಯುವುದು ಇದಕ್ಕೇ. ಅಮ್ಮಂದಿರು ಗಾಬರಿಯಲ್ಲಿ ಬರೆದಿರುತ್ತಾರೆ, ಅಕ್ಷರ ನೋಡಿದರೇ ತಿಳಿಯುತ್ತದೆ. ನಮ್ಮ ಕೆಮಿಸ್ಟ್ ನನ್ನನ್ನು ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟಿದ್ದಾರೆ.

ಪೇಸ್ಟಿನಲ್ಲಿ ಹಲ್ಲು ಗಟ್ಟಿ ಮಾಡಲು ಫ್ಲೋರೈಡ್ ಇರುತ್ತದೆ. ನುಂಗಿದರೆ ಅದು ಹೊಟ್ಟೆಯ ಹುಳಿಯೊಂದಿಗೆ ಸೇರಿಕೊಳ್ಳುತ್ತದೆ. ಹಾಗೆ ಸೇರಿದಾಗ ಜಠರದ ಗೋಡೆಯನ್ನೇ ದಾಟಿ ರಕ್ತಕ್ಕೆ ಇಳಿಯಬಲ್ಲದು. ಉಳಿದದ್ದು ಸಣ್ಣ ಕರುಳಿನಲ್ಲಿ ಇಳಿಯುತ್ತದೆ. ಬರಿಹೊಟ್ಟೆಯಾದರೆ ಇದೆಲ್ಲ ಬೇಗ, ಅರ್ಧ ಮುಕ್ಕಾಲು ಗಂಟೆಯೊಳಗೆ ರಕ್ತ ತುಂಬ ಓಡಾಡುತ್ತಿರುತ್ತದೆ. ಹಾಲು ಕುಡಿದಿದ್ದರೆ ಅದರ ಸುಣ್ಣದಂಶ ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ, ಒಂದಿಷ್ಟು ಮಲದಲ್ಲೇ ಹೋಗುತ್ತದೆ. ರಕ್ತಕ್ಕೆ ಬಂದದ್ದಕ್ಕೆ ಎರಡು ದಾರಿ. ಒಂದು ಮೂಳೆಗೆ, ಇನ್ನೊಂದು ಮೂತ್ರಕ್ಕೆ. ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧ ಹೊರಗೆ ಹೋಗುತ್ತದೆ. ಮಕ್ಕಳ ಮೂಳೆ ಬೆಳೆಯುತ್ತಿರುವುದರಿಂದ ಅವು ಜಾಸ್ತಿ ಹಿಡಿದುಕೊಳ್ಳುತ್ತವೆ. ವಸಡಿನೊಳಗೆ ಹೊಸ ಹಲ್ಲು ತಯಾರಾಗುವ ವಯಸ್ಸಿನಲ್ಲಿ ದಿನಾ ನುಂಗುತ್ತಿದ್ದರೆ ಆಮೇಲೆ ಹುಟ್ಟುವ ಹಲ್ಲಿನ ಮೇಲೆ ಬಿಳಿ ಮಚ್ಚೆ ಬರಬಹುದು.

ಬಟಾಣಿ ಕಾಳಿನಷ್ಟು ಪೇಸ್ಟು ಸಾಕು ಎಂದು ಅವರಿಗೆ ಹೇಳು. ಟ್ಯೂಬು ಎತ್ತರದಲ್ಲಿಡಲಿ. ಒಮ್ಮೆಗೇ ತುಂಬ ತಿಂದು ಹೊಟ್ಟೆನೋವು, ವಾಂತಿ ಅಂದರೆ ಆಸ್ಪತ್ರೆಗೆ ಓಡಲಿ. ಇಲ್ಲದಿದ್ದರೆ ಭಯ ಬೇಡ. ಕಿಡ್ನಿ ತನ್ನ ಪಾಡಿಗೆ ತೊಳೆದು ಹಾಕುತ್ತದೆ. ಎಲ್ಲ ತಾಯಂದಿರಿಗೂ ನಾನು ಬರೆಯುವ ಕೊನೆಯ ಸಾಲು ಇದೇ.

ಮಗುವಿನ ವಯಸ್ಸೆಷ್ಟು? ಹೆಣ್ಣೋ ಗಂಡೋ?

ನಿನ್ನ ಮಗಳು


ಫೆಬ್ರವರಿ 20

ಮಗಳೇ,

ನಿನ್ನ ಕಾಗದವನ್ನು ಕಂಡಕ್ಟರಿಗೂ ಓದಿ ಹೇಳಿದೆ. ‘ನಿಮ್ಮ ಮಗಳು ಡಾಕ್ಟರೇನಮ್ಮಾ?’ ಅಂದರು. ‘ಅಲ್ಲ, ಕಥೆ ಕವನ ಓದಿದೋಳು, ಅದಕ್ಕೇ ಅರ್ಥ ಆಗೋ ಹಾಗೆ ಹೇಳ್ತಾಳೆ’ ಅಂದೆ. ಯಂತ್ರ ಹಾಕುವ ಸಿಸ್ಟರು ಕೂಡ ಕಿವಿಗೊಟ್ಟು ನಿಂತಿದ್ದಳು.

ಮದುವೆ ಮನೆಯ ಬಟ್ಟೆ ಬಂದು ಬೆಟ್ಟದಷ್ಟು ಬಿದ್ದಿದೆ. ಚಿಕ್ಕಮ್ಮನಿಗೆ ಸೊಂಟ ನೋವು, ನನಗೆ ಮೊಣಕಾಲು ಮತ್ತು ತೊಡೆ. ಬೆಳಿಗ್ಗೆ ಎದ್ದರೆ ಕಾಲು ಮರದ ಹಾಗೆ ನೆಟ್ಟಗೆ ನಿಂತಿರುತ್ತದೆ. ಗಂಜಿ ಹಾಕಿ ಒಣಗಿಸಿದ ಪಂಚೆಯ ಹಾಗೆ. ಸ್ವಲ್ಪ ಓಡಾಡಿದ ಮೇಲೆ ಮಡಿಸಲು ಬರುತ್ತದೆ. ವಯಸ್ಸು, ಇನ್ನೇನು.

ಆ ಮಗುವಿಗೆ ವಯಸ್ಸು ಇಷ್ಟೇ ಅಂತ ನಾನು ಕೇಳಲಿಲ್ಲ. ಹೆಣ್ಣುಮಗು. ಬಹಳ ನೀರು ಕುಡಿಯುವುದಿಲ್ಲ ಅದು. ಮೂತ್ರವೂ ಅಷ್ಟಕ್ಕಷ್ಟೇ. ಅಂಥ ಮಗುವಾದರೆ ಹೇಗೆ? ಕಿಡ್ನಿ ತೊಳೆದು ಹಾಕುತ್ತದೆ ಎಂದೆಯಲ್ಲ, ಅದಕ್ಕೇ ಕೇಳಿದೆ. ಸುಮ್ಮನೆ.

ನೀಲಿ ಪಟ್ಟೆಯದು ಸಿಕ್ಕಿತಾ?

ಅಮ್ಮ


ಮಾರ್ಚ್ 1

ಅಮ್ಮಾ,

ನೀಲಿ ಪಟ್ಟೆಯದೇ ಸಿಕ್ಕಿತು. ಕೋಣೆಯವಳ ಪಾಲನ್ನೂ ಕೇಳಿ ಪಡೆದು ಸೇರಿಸಿದ್ದೇನೆ. ಮೊದಲ ಸಲ ಬಾಯಿಬಿಟ್ಟು ಒಬ್ಬರ ಹತ್ತಿರ ಏನನ್ನೋ ಕೇಳಿದೆ, ಮೆಚ್ಚಿಕೋ.

ನಿನ್ನ ಪ್ರಶ್ನೆಯನ್ನು ಕೆಮಿಸ್ಟಿಗೆ ಹೇಳಿದೆ. ಅವರಿಗೆ ಇಷ್ಟವಾಯಿತು. ‘ಅಮ್ಮನ ತಲೆ ಚುರುಕಾಗಿದೆ ಕಣಮ್ಮ, ಇಲ್ಲಿಗೆ ಕರ್ಕೊಂಡ್ ಬಾ, ಕೆಲಸ ಕೊಡ್ಸೋಣ’ ಅಂದರು. ಮೂತ್ರ ಕಡಿಮೆಯಾದಷ್ಟೂ ಫ್ಲೋರೈಡ್ ಒಳಗೇ ಉಳಿಯುತ್ತದಂತೆ. ಉಳಿದದ್ದನ್ನು ಮೂಳೆ ಎತ್ತಿಟ್ಟುಕೊಳ್ಳುತ್ತದೆ. ಒಮ್ಮೆ ಮೂಳೆ ಸೇರಿದ್ದು ವರ್ಷಗಟ್ಟಲೆ ಅಲ್ಲೇ ಇರುತ್ತದೆ, ನಿಧಾನವಾಗಿ ಮಾತ್ರ ಹಿಂದಕ್ಕೆ ಬರುತ್ತದೆ. ಆದರೆ ಆರೋಗ್ಯವಾಗಿರುವ ಮಗುವಿಗೆ ಈ ಚಿಂತೆಯೆಲ್ಲ ಯಾಕೆ? ಅದಕ್ಕೆ ಚೆನ್ನಾಗಿ ನೀರು ಕುಡಿಸಲು ಹೇಳು, ಸರಿಹೋಗುತ್ತದೆ.

ನಿನಗೆ ನನ್ನ ಕೆಲಸದಲ್ಲಿ ಇಷ್ಟು ಆಸಕ್ತಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಪೇಸ್ಟಿನ ಕಂಪನಿ ಸೇರಿದಾಗ ‘ಅಷ್ಟು ಓದಿ ಇದಾ?’ ಎಂದು ನೀನು ಒಳಗೊಳಗೇ ನೊಂದುಕೊಂಡಿರಬೇಕು ಅಂದುಕೊಂಡಿದ್ದೆ.

ಕಾಲುನೋವಿಗೆ ಮೇಜಿನ ಹತ್ತಿರ ಎತ್ತರದ ಸ್ಟೂಲು ಹಾಕಿಕೋ. ನಿಂತೇ ಇಸ್ತ್ರಿ ಮಾಡಬೇಕೆಂದು ಯಾರು ಹೇಳಿದ್ದಾರೆ?

ನಿನ್ನ ಮಗಳು


ಮೇ 6

ಮಗಳಿಗೆ,

ನಿನ್ನ ಮೂರು ಕಾಗದ ಬಂದಿವೆ. ಬರೆಯಲು ಆಗಲಿಲ್ಲ.

ಎದುರುಮನೆಯವರು ಮನೆ ಖಾಲಿ ಮಾಡಿದರು. ಆ ಮಗುವಿನ ವಿಚಾರ ಇನ್ನು ಬೇಡ.

ಟ್ಯೂಬುಗಳನ್ನು ಕಳಿಸುವುದು ನಿಲ್ಲಿಸು. ಮನೆಯಲ್ಲಿ ಜಾಸ್ತಿಯಾಗಿವೆ. ನಿನ್ನ ಕೋಣೆಯವಳಿಗೆ ಕೊಡು. ಖಂಡಿತ ಕಳಿಸಬೇಡ.

ಊಟ ಸರಿಯಾಗಿ ಮಾಡು.

ಅಮ್ಮ


ಮೇ 19

ಅಮ್ಮಾ,

ನಿನ್ನ ಕಾಗದವನ್ನು ತಿರುಗಿಸಿ ನೋಡಿದೆ, ಹಿಂದೆ ಏನಾದರೂ ಬರೆದಿದ್ದೀಯಾ ಎಂದು. ಎರಡು ತಿಂಗಳು ಕಾಯಿಸಿ ಇಷ್ಟೇನಾ? ಕಂಡಕ್ಟರ ಒಂದು ಮಾತೂ ಇಲ್ಲ. ಚಿಕ್ಕಮ್ಮನ ಜಗಳವೂ ಇಲ್ಲ. ಖಂಡಿತ ಕಳಿಸಬೇಡ ಅಂತೆ.

ನಾನು ಮಾಡಿದ ತಪ್ಪು ನನಗೆ ಗೊತ್ತು. ಏಪ್ರಿಲ್‌ನಲ್ಲಿ ಬರುತ್ತೇನೆಂದು ಹೇಳಿ ಬರಲಿಲ್ಲ. ರಜೆ ಕೇಳಲು ಮೇಡಂ ಕೋಣೆಯ ಬಾಗಿಲವರೆಗೂ ಹೋಗಿ, ಅವರು ತಲೆಯೆತ್ತಿ ನೋಡಿದ್ದಕ್ಕೆ ಹೆದರಿ, ‘ಏನಿಲ್ಲ ಮೇಡಂ’ ಎಂದು ವಾಪಸ್ಸು ಬಂದೆ. ಇಂಥ ಮಗಳನ್ನು ಹೆತ್ತದ್ದಕ್ಕೆ ನಿನಗೆ ಸಿಟ್ಟು ಬಂದರೆ ನ್ಯಾಯವೇ. ಆದರೆ ನಾನು ನಿನಗೆ ಕೊಡಬಲ್ಲದ್ದು ಈಗ ಆ ಪೇಸ್ಟೊಂದೇ. ಅದನ್ನೂ ಬೇಡ ಅನ್ನಬೇಡ.

ನೀನು ಬೇಡವೆಂದರೂ ಕಳಿಸುತ್ತಿದ್ದೇನೆ. ಈ ಸಲ ದೊಡ್ಡ ಡಬ್ಬಿ. ಕೆಳಗೆ ಯಂತ್ರದ ಹತ್ತಿರ ಕೆಲಸ ಮಾಡುವ ಹೆಂಗಸರು ಕೂಡ ತಮ್ಮ ಪಾಲಿನದು ಕೊಟ್ಟರು, ಎಲ್ಲ ನೀಲಿ ಪಟ್ಟೆಯವೇ. ಸಿಟ್ಟು ಇಳಿದ ಮೇಲೆ ತೆರೆ. ಜುಲೈನಲ್ಲಿ ಖಂಡಿತ ಬರುತ್ತೇನೆ.

ನಿನ್ನ ಮಗಳು


ಜೂನ್ 28

ಮಗಳೇ,

ಚಿಕ್ಕಮ್ಮ ನಿನಗೆ ಫೋನು ಮಾಡಿ ಅತ್ತಳಂತೆ. ಅವಳ ಮಾತು ಕಟ್ಟಿಕೊಂಡು ಓಡಿಬರಬೇಡ. ನಾನು ಚೆನ್ನಾಗಿಯೇ ಇದ್ದೇನೆ, ಕಾಲು ಮಾತ್ರ ಮುರಿದಿದೆ.

ಬೀಳಲಿಲ್ಲ, ಎಡವಲಿಲ್ಲ. ಒಂದು ಕೋಟನ್ನು ಹ್ಯಾಂಗರಿಗೆ ಹಾಕಿ ಗೋಡೆಯ ಕಡೆ ತಿರುಗಿದೆ, ಅಷ್ಟೇ. ತೊಡೆಯೊಳಗೆ ಒಣಕಡ್ಡಿ ಮುರಿದ ಸದ್ದು. ಆಮೇಲೆ ಬಿದ್ದೆ. ಕೋಟು ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿದುಕೊಂಡೇ ಬಿದ್ದೆನಂತೆ, ಚಿಕ್ಕಮ್ಮ ಅದನ್ನೇ ಎಲ್ಲರಿಗೂ ಹೇಳುತ್ತಿದ್ದಾಳೆ. ಒಳಗೆ ಕಂಬಿ ಹಾಕಿದ್ದಾರೆ.

ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ಬಹಳ ಹೊತ್ತು ನಿಂತಿದ್ದರು. ಮೂಳೆ ಇರಬೇಕಾದ್ದಕ್ಕಿಂತ ಬೆಳ್ಳಗೆ ಕಾಣುತ್ತದಂತೆ. ನೋಡಲು ಗಟ್ಟಿ, ಒಳಗೆ ಪೆಡಸು, ಬೇಗ ಮುರಿಯುತ್ತದಂತೆ. ಏನೇನೋ ಕೇಳಿದರು. ಬಾವಿ ನೀರು ಕುಡೀತಿದ್ರಾ, ಟೀ ಎಷ್ಟು ಕುಡೀತೀರಿ, ಸೀಮೆಸುಣ್ಣ ಗೀಮೆಸುಣ್ಣ ತಿನ್ನೋ ಅಭ್ಯಾಸ ಇದೆಯಾ? ‘ನಾನೇನು ಬಸುರೀನಾ ಡಾಕ್ಟ್ರೇ, ಸೀಮೆಸುಣ್ಣ ತಿನ್ನೋಕೆ?’ ಅಂದೆ. ನಕ್ಕರು. ಕಿಡ್ನಿ ಕಾಯಿಲೆಯಿಂದಲೂ ಹೀಗಾಗುತ್ತದೆ ಎಂದು ಬರೆದುಕೊಂಡು ಹೋದರು.

ಪಾರ್ಸೆಲ್ಲು ಬಂತು. ಬೇಡ ಅಂದರೂ ಕಳಿಸಿದೆ. ಕಳಿಸಿದ ಮೇಲೆ ಏನು ಮಾಡುವುದು.

ಬರಬೇಡ. ಇಲ್ಲಿ ನೋಡಲು ಏನೂ ಇಲ್ಲ.

ಅಮ್ಮ


ಜುಲೈ 14

ಅಮ್ಮಾ,

ನಿನ್ನನ್ನು ನೋಡಿ ಹಿಂದಿರುಗುತ್ತಿರುವ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಷ್ಟು ದಿನ ನಿನ್ನ ಮಂಚದ ಪಕ್ಕದಲ್ಲೇ ಇದ್ದೆ, ಒಂದು ಮಾತೂ ಬಾಯಿಗೆ ಬರಲಿಲ್ಲ. ನೀನೂ ಬಿಡಲಿಲ್ಲ. ನಾನು ಬಾಯಿ ತೆರೆದಾಗಲೆಲ್ಲ ದಿಂಬು ಸರಿಮಾಡು, ಕಿಟಕಿ ಹಾಕು ಅಂದೆ.

ಮನೆಗೆ ನಿನ್ನ ಬಟ್ಟೆ ತರಲು ಹೋದಾಗ ಎದುರುಮನೆಯ ಬಾಗಿಲು ನೋಡಿದೆ. ಚಿಲಕಕ್ಕೆ ತುಕ್ಕು ಹಿಡಿದಿದೆ. ಅಲ್ಲಿ ಯಾರಿದ್ದರು ಎಂದು ಕೆಳಗಿನ ಅಂಗಡಿಯವರನ್ನು ಕೇಳಿದೆ. ‘ಆ ಮನೇಗಾ? ನಾನು ಅಂಗಡಿ ಹಾಕಿದಾಗಿಂದ ಬೀಗಾನೇ ಕಣಮ್ಮ’ ಅಂದರು.

ನಿನ್ನ ಸೀರೆಗಳ ಹಿಂದೆ ಖಾಲಿ ಟ್ಯೂಬುಗಳಿದ್ದವು. ಬಾಲದಿಂದ ಸುತ್ತಿ ಸುತ್ತಿ ಹಿಂಡಿದವು. ಕೆಲವನ್ನು ಕತ್ತರಿಯಿಂದ ಸೀಳಿ ಬಿಡಿಸಿದ್ದೀಯ. ಒಳಮೈ ಒರೆಸಿದ ಹಾಗೆ ನಯವಾಗಿತ್ತು. ಬ್ರಷ್ಷಿನಿಂದ ಹಾಗೆ ಒರೆಸಲು ಆಗುವುದಿಲ್ಲ ಅಮ್ಮ, ಬೆರಳಿನಿಂದ ಮಾತ್ರ ಆಗುತ್ತದೆ.

ಚಿಕ್ಕಮ್ಮನಿಗೆ ತೋರಿಸಲಿಲ್ಲ. ಚೀಲಕ್ಕೆ ತುಂಬಿಕೊಂಡು ಬಂದಿದ್ದೇನೆ, ನನ್ನ ಕಾಲ ಬಳಿ ಇದೆ.

ನೀರು ಕುಡಿಯದ, ಮೂತ್ರ ಮಾಡದ ಆ ಹೆಣ್ಣುಮಗುವಿನ ಬಗ್ಗೆ ನೀನು ಎರಡು ಸಲ ಕೇಳಿದೆ. ಎರಡು ಸಲವೂ ನಾನು ಊರಿನವರಿಗೆಲ್ಲ ಬರೆಯುವ ಉತ್ತರವನ್ನೇ ಬರೆದೆ.

ನಾಳೆಯೇ ಡಾಕ್ಟರಿಗೆ ಹೇಳು. ನೀನು ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ.

ನಿನ್ನ ಮಗಳು


ಜುಲೈ 22

ಮಗಳೇ,

ಸರಿ, ಕೇಳು.

ಬಾಯಾರಿಕೆ ಅಂದರೆ ನಿನಗೆ ಆಟ ಆಡಿ ಬಂದು ಗಟಗಟ ಕುಡಿಯುವುದು. ಅದಕ್ಕೆ ಕೊನೆ ಉಂಟು. ನನ್ನದಕ್ಕೆ ಕೊನೆಯೇ ಇಲ್ಲ. ಬೆಳಿಗ್ಗೆ ಏಳುವಾಗ ನಾಲಿಗೆ ಅಂಗುಳಿಗೆ ಅಂಟಿರುತ್ತದೆ, ಬೆರಳು ಹಾಕಿ ಬಿಡಿಸಬೇಕು. ಚಿಕ್ಕಮ್ಮ ಲೋಟ ಕೈಗೆ ಕೊಟ್ಟು ಎದುರಿಗೇ ನಿಲ್ಲುತ್ತಾಳೆ. ಅವಳದೇನೂ ತಪ್ಪಿಲ್ಲ, ಅವಳಿಲ್ಲದಿದ್ದರೆ ನಾನು ಎಂದೋ ಮುಳುಗಿ ಸಾಯುತ್ತಿದ್ದೆ. ನಲ್ಲಿಯ ಸದ್ದು, ಪಕ್ಕದವರು ಬಕೆಟ್ ತುಂಬಿಸುವ ಸದ್ದು, ಬೀದಿಯಲ್ಲಿ ಯಾರೋ ಬಾಯಿ ಮುಕ್ಕಳಿಸುವ ಸದ್ದು. ಕಿವಿಯೊಂದು ಎಲ್ಲವನ್ನೂ ಕುಡಿಯುತ್ತದೆ, ಗಂಟಲಿಗೆ ಒಂದು ಹನಿ ಇಳಿಯುವುದಿಲ್ಲ.

ಮೂರು ವರ್ಷದ ಹಿಂದೆ ನಿನ್ನ ಮೊದಲ ಪಾರ್ಸೆಲ್ಲು ಬಂದಾಗ ಹಲ್ಲು ಉಜ್ಜುತ್ತಾ ನಿಂತಿದ್ದೆ. ಬಾಯಿತುಂಬ ನೊರೆ, ತಂಪು. ಉಗುಳಲು ಮನಸ್ಸು ಬರಲಿಲ್ಲ. ನುಂಗಿದೆ. ಎದೆಯವರೆಗೂ ತಣ್ಣಗೆ ಇಳಿಯಿತು. ಅದು ನೀರಲ್ಲ, ತೂಕದ ಯಂತ್ರ ಹಿಡಿಯುವುದಿಲ್ಲ, ಯಾರಿಗೂ ಮೋಸವಿಲ್ಲ ಅಂದುಕೊಂಡೆ. ಆಮೇಲೆ ಬೆರಳಿನಷ್ಟು, ಆಮೇಲೆ ಅಂಗೈಯಷ್ಟು.

ನಿನ್ನ ಮಾರ್ಚಿನ ಕಾಗದ ಓದಿದ ದಿನ ಬಿಟ್ಟೆ. ನಿಜವಾಗಿ ಬಿಟ್ಟಿದ್ದೆ. ಆ ಎರಡು ತಿಂಗಳು ನಿನಗೆ ಬರೆಯಲು ಕೈ ಏಳಲಿಲ್ಲ, ಯಾರನ್ನು ಕಂಡರೂ ಕಚ್ಚುವ ಹಾಗಾಗಿತ್ತು. ಕಳಿಸಬೇಡ ಎಂದು ಬರೆದೆ. ನೀನು ದೊಡ್ಡ ಡಬ್ಬಿ ಕಳಿಸಿದೆ. ಅದನ್ನು ನಿನ್ನ ತಲೆಗೆ ಕಟ್ಟುತ್ತಿಲ್ಲ. ಒಂದು ಸಂಜೆ ಅದನ್ನು ಮಂಚದ ಕೆಳಗೆ ತಳ್ಳಿ ಕೂತಿದ್ದೆ. ಅದರಲ್ಲಿ ಪೇಸ್ಟು ಮಾತ್ರವೇ ಇದ್ದಿದ್ದರೆ ತಡೆಯುತ್ತಿದ್ದೆನೇನೋ. ನೀನು ಪ್ರತಿ ಟ್ಯೂಬಿಗೂ ಕಾಗದ ಸುತ್ತಿ ಕಳಿಸಿದ್ದೆ, ಮಗುವಿಗೆ ಸುತ್ತಿದ ಹಾಗೆ.

ಡಾಕ್ಟರಿಗೆ ಹೇಳಬೇಡ. ಕಾಲು ಮುರಿದಾಯಿತು, ಮೂಳೆಗೆ ಸೇರಿದ್ದು ಸೇರಿಯಾಯಿತು. ಇನ್ನು ಉಳಿದಿರುವುದು ಎಷ್ಟು ದಿನವೋ, ಅಷ್ಟು ದಿನ ಬಾಯಿ ತಂಪಾಗಿರಲಿ. ನಿನ್ನನ್ನು ಯಾವತ್ತೂ ಏನೂ ಬೇಡಿಲ್ಲ.

ಅಮ್ಮ


ಆಗಸ್ಟ್ 3

ಅಮ್ಮಾ,

ಹೇಳಿಬಿಟ್ಟೆ. ಡಾಕ್ಟರಿಗೆ ಫೋನು ಮಾಡಿದೆ. ನಿನ್ನ ಮೌನಗೌರಿ ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿದಳು. ಎಷ್ಟು ಕಿಡ್ನಿ ಕಾಯಿಲೆಯಿಂದ, ಎಷ್ಟು ಪೇಸ್ಟಿನಿಂದ ಎಂದು ಬಿಡಿಸಿ ಹೇಳಲು ಬರುವುದಿಲ್ಲ, ಎರಡೂ ಸೇರಿರಬಹುದು ಎಂದರು. ಡಯಾಲಿಸಿಸ್ ಯಂತ್ರವೂ ಒಂದಿಷ್ಟು ತೆಗೆಯುತ್ತದಂತೆ, ಆದರೆ ದಿನಾ ಅಷ್ಟು ತಿಂದರೆ ಅದಕ್ಕೂ ಆಗುವುದಿಲ್ಲ. ಇನ್ನೊಂದು ಕಾಲು ಉಳಿಯಬೇಕಾದರೆ ಇವತ್ತೇ ನಿಲ್ಲಬೇಕು ಅಂದರು. ಚಿಕ್ಕಮ್ಮನಿಗೂ ಅವರೇ ತಿಳಿಸುತ್ತಾರೆ.

ನೀನು ಬೇಡಿದ ಒಂದೇ ಒಂದನ್ನು ನಾನು ಕೊಡಲಿಲ್ಲ.

ಭಾನುವಾರ ನಿನಗೆ ಕೊಡುವಷ್ಟೇ ನೀರನ್ನು ಒಂದು ಬಾಟಲಿಗೆ ತುಂಬಿಕೊಂಡೆ. ಟೀಯೂ ಅದರಲ್ಲೇ ಲೆಕ್ಕ. ಬೆಳಿಗ್ಗೆ ಇಷ್ಟೇನಾ ಅನ್ನಿಸಿತು. ಮಧ್ಯಾಹ್ನ ಕೋಣೆಯವಳು ನೀರು ಕುಡಿಯುವಾಗ ಅವಳ ಗಂಟಲನ್ನೇ ನೋಡುತ್ತಾ ಕೂತಿದ್ದೆ. ‘ಏನೇ ಹಾಗ್ ನೋಡ್ತೀಯ, ದೃಷ್ಟಿ ಆಗುತ್ತೆ’ ಅಂದಳು. ಸಂಜೆಗೆ ಬಾಟಲಿ ಖಾಲಿ. ಪುಸ್ತಕ ತೆರೆದರೆ ಒಂದು ಸಾಲೂ ತಲೆಗೆ ಹೋಗಲಿಲ್ಲ, ನಿನ್ನ ಮೇಲೆ ಇದ್ದ ಸಿಟ್ಟೂ ಉಳಿಯಲಿಲ್ಲ. ಹಲ್ಲು ಉಜ್ಜಲು ಹೋದೆ. ನೀಲಿ ಪಟ್ಟೆಯದು. ಉಗುಳಲಿಲ್ಲ.

ನೀನು ಬರೆದ ಹಾಗೆಯೇ ಇತ್ತು. ಎದೆಯವರೆಗೂ ಇಳಿಯಿತು. ಇನ್ನೊಮ್ಮೆ ಹಿಂಡಿಕೊಂಡೆ.

ಬೆಳಿಗ್ಗೆ ಎದ್ದು ನಲ್ಲಿಗೆ ಬಾಯಿಟ್ಟು ಸಾಕಾಗುವಷ್ಟು ಕುಡಿದೆ. ನಾನು ನುಂಗಿದ್ದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ನನ್ನ ಕಿಡ್ನಿ ತೊಳೆದು ಹಾಕುತ್ತದೆ, ಯಾರೂ ಕೇಳಬೇಕಾಗಿಲ್ಲ. ಒಂದೇ ಟ್ಯೂಬು, ಒಂದೇ ರುಚಿ. ನನ್ನ ಮೈಗೆ ಅದು ಬಂದುಹೋಗುವ ನೆಂಟ, ನಿನ್ನ ಮೈಗೆ ಬಂದು ಬೇರೂರುವ ಒಕ್ಕಲು.

ಬಯ್ಯಬೇಕಾದರೆ ಬಯ್ಯಿ. ಬರೆಯದೆ ಮಾತ್ರ ಇರಬೇಡ.

ನಿನ್ನ ಮಗಳು


ಆಗಸ್ಟ್ 30

ಮಗಳೇ,

ಕತ್ತೆ. ನಿನಗೆ ಬುದ್ಧಿ ಇದೆಯಾ? ಎರಡೂ ಕಿಡ್ನಿ ಸರಿಯಿರುವವಳು ಪೇಸ್ಟು ನುಂಗುತ್ತಾಳಂತೆ. ಇನ್ನೊಂದು ಸಲ ನುಂಗಿದರೆ ಕಾಲು ಮುರಿದಿದ್ದರೂ ಎದ್ದು ಬಂದು ಕೆನ್ನೆಗೆ ಬಾರಿಸುತ್ತೇನೆ.

ನಿನ್ನ ಮೇಲೆ ಬಹಳ ಸಿಟ್ಟಿತ್ತು. ಕಾಗದ ಹರಿದು ಹಾಕಬೇಕೆಂದು ಎತ್ತಿಕೊಂಡೆ. ಓದಿ, ದಿಂಬಿನ ಕೆಳಗೆ ಇಟ್ಟುಕೊಂಡೆ. ಈಗ ಚಿಕ್ಕಮ್ಮ ಬ್ರಷ್ಷಿನ ಮೇಲೆ ಅಕ್ಕಿಕಾಳಿನಷ್ಟು ಹಾಕಿ ಎದುರಿಗೆ ಕೂರುತ್ತಾಳೆ. ‘ಆ ಅನ್ನು. ಉಗುಳು. ಇನ್ನೊಂದ್ಸಲ ಉಗುಳು’ ಅನ್ನುತ್ತಾಳೆ. ಮೊನ್ನೆ ಹಾಗೆ ಹೇಳುತ್ತಿದ್ದವಳು ಇದ್ದಕ್ಕಿದ್ದಂತೆ ಮುಖ ಮುಚ್ಚಿಕೊಂಡು ಅತ್ತಳು. ‘ಅಕ್ಕಾ, ನನ್ನನ್ನೊಂದು ಮಾತು ಕೇಳಬಾರದಿತ್ತಾ, ಒಂದು ಗುಟುಕು ಕೊಡ್ತಿದ್ದೆ’ ಅಂದಳು. ಕೊಡುತ್ತಿರಲಿಲ್ಲ. ಕೊಡಬಾರದು ಕೂಡ.

ಇವತ್ತು ಉಸಿರು ಸ್ವಲ್ಪ ಭಾರ. ಕಂಡಕ್ಟರು ಬರುತ್ತಿಲ್ಲ, ಅವರ ಮಂಚದ ಹಾಸಿಗೆ ಬದಲಾಯಿಸಿದ್ದಾರೆ. ನಾನು ಯಾರನ್ನೂ ಕೇಳಲಿಲ್ಲ.

ಒಂದು ಕೆಲಸ ಮಾಡು. ನೀನು ಓದಿದವಳು, ನಿನಗೆ ಬರುತ್ತದೆ. ಒಂದು ಲೋಟ ನೀರು ಕುಡಿ. ನಿಧಾನವಾಗಿ, ಪೂರ್ತಿ. ಕುಡಿದದ್ದನ್ನು ನನಗೆ ಬರಿ. ಹೇಗಿತ್ತು, ಎಲ್ಲೆಲ್ಲಿ ತಾಗಿತು, ಏನನ್ನೂ ಬಿಡದೆ ಬರಿ. ಚೆನ್ನಾಗಿತ್ತು ಅಂತ ಒಂದೇ ಸಾಲು ಬರೆದರೆ ಸಾಲದು. ಅದನ್ನು ಓದಿದರೆ ಯಾವ ಡಾಕ್ಟರೂ ಬಯ್ಯುವ ಹಾಗಿಲ್ಲ.

ಅಮ್ಮ


ಸೆಪ್ಟೆಂಬರ್ 9

ಅಮ್ಮಾ, ಚಿಕ್ಕಮ್ಮಾ,

ನಿನ್ನೆ ಫೋನಿನಲ್ಲಿ ಚಿಕ್ಕಮ್ಮ ಎಲ್ಲ ಹೇಳಿದಳು. ಅಮ್ಮ ಈಗ ಕಣ್ಣು ತೆರೆಯುವುದು ಕಡಿಮೆ, ಕಾಗದ ಹಿಡಿದುಕೊಳ್ಳಲು ಆಗುವುದಿಲ್ಲ, ಆದರೆ ಕಿವಿ ಕೇಳಿಸುತ್ತದೆ ಎಂದಳು. ನಾಳೆ ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಎದುರಿಗೆ ಬಂದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದವನ್ನು ಬೆಳಗಿನ ಬಸ್ಸಿನ ಡ್ರೈವರ ಕೈಯಲ್ಲಿ ಕೊಟ್ಟು ನನಗಿಂತ ಮುಂಚೆ ಕಳಿಸುತ್ತಿದ್ದೇನೆ. ಚಿಕ್ಕಮ್ಮ, ನೀನು ಇದನ್ನು ಅವಳ ಕಿವಿಯ ಹತ್ತಿರ ಓದಬೇಕು. ಅವಸರ ಮಾಡಬೇಡ. ನಾನು ನಿಲ್ಲಿಸು ಅಂದಲ್ಲಿ ನಿಲ್ಲಿಸು.

ಅಮ್ಮಾ, ಲೋಟಕ್ಕೆ ಅಂಚಿನವರೆಗೂ ನೀರು ತುಂಬಿಸಿದೆ. ಎತ್ತಿದರೆ ಕೈಗೆ ಭಾರ ಸಿಗಬೇಕು, ಅಷ್ಟು. ಹೊರಮೈ ಬೆವರಿತ್ತು. ಬೆರಳು ಇಟ್ಟಲ್ಲಿ ಗುರುತು ಬಿತ್ತು, ಒಂದು ಹನಿ ಮಣಿಕಟ್ಟಿನವರೆಗೆ ಓಡಿತು. ಅದನ್ನು ಒರೆಸಲಿಲ್ಲ.

ತುಟಿಗೆ ಇಟ್ಟೆ. ಮೊದಲು ತಾಗಿದ್ದು ನೀರಲ್ಲ, ಲೋಟದ ಅಂಚು. ತಣ್ಣಗಿತ್ತು. ನೀರು ಮೇಲ್ದುಟಿಯನ್ನು ಮುಟ್ಟಿ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಒಡೆದ ತುಟಿಯ ಸೀಳುಗಳಿಗೆ ಇಳಿಯಿತು. ಉರಿಯಿತು, ಆಮೇಲೆ ಉರಿ ಹೋಯಿತು.

ಚಿಕ್ಕಮ್ಮ, ಇಲ್ಲಿ ಸ್ವಲ್ಪ ನಿಲ್ಲು.

ಈಗ ಬಾಯೊಳಗೆ ಬಂತು. ಕೆಳಗಿನ ಹಲ್ಲುಗಳ ಹಿಂದೆ ಮೊದಲು ತುಂಬಿತು. ನಾಲಿಗೆ ಅಂಗುಳಿಗೆ ಅಂಟಿತ್ತಲ್ಲ, ನೀರು ಅದರ ಅಂಚಿನಡಿಗೆ ನುಸುಳಿ ಮೆಲ್ಲಗೆ ಬಿಡಿಸಿತು. ನೋವಾಗಲಿಲ್ಲ. ನಾಲಿಗೆ ತನ್ನಷ್ಟಕ್ಕೆ ತಾನು ಎದ್ದಿತು. ಕೆನ್ನೆಯ ಒಳಮೈ ಎರಡೂ ಕಡೆ ನೆನೆಯಿತು. ರುಚಿ ಏನೂ ಇಲ್ಲ ಅಮ್ಮ. ಪುದೀನ ಇಲ್ಲ, ಸಿಹಿ ಇಲ್ಲ. ಬರೀ ನೀರು. ಬಾಯಿತುಂಬ ಇಟ್ಟುಕೊಂಡಿದ್ದೇನೆ, ಯಾರೂ ಉಗುಳು ಅನ್ನುತ್ತಿಲ್ಲ.

ಚಿಕ್ಕಮ್ಮ, ಇಲ್ಲಿ ನಿಲ್ಲಿಸು. ಅವಳ ಗಂಟಲು ನೋಡು. ಅವಳು ನುಂಗಲಿ. ಆಮೇಲೆ ಮುಂದೆ ಓದು, ಲೋಟದಲ್ಲಿ ಇನ್ನೂ ಬಹಳ ಇದೆ.